ನಿಮ್ಮ ಜ್ಯಾಂಗೊ ಲೇಖನ ಓದ್ದೆ, ಆದ್ರೆ ಹೀಗೇ ಹಾಕೋಕಾಗಲ್ಲ

ನಮಸ್ಕಾರ. ಗೋಣಿಕೊಪ್ಪದಿಂದ ನೀವು ಕಳ್ಸಿದ್ದ, ಜ್ಯಾಂಗೊ ರೆಸ್ಟ್ ಫ್ರೇಮ್‌ವರ್ಕಲ್ಲಿ (ಪೈಥಾನಲ್ಲಿ ಎಪಿಐ, ಅಂದ್ರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳೋ ದಾರಿ, ಕಟ್ಟೋ ಸಾಧನ) ಬೇರೆ ಟೇಬಲ್ಲಿನ ಫೀಲ್ಡ್ ಹಿಡ್ಕೊಂಡು ಫಿಲ್ಟರ್ ಮಾಡೋ ಲೇಖನ ಪೂರ್ತಿ ಓದ್ದೆ. ಮೊದಲ ಮೂರು ಪ್ಯಾರಾ ಕಿತ್ತಾಕಿ. ಮಡಿಕೇರಿ ಮಂಜು, ತಲಕಾವೇರಿ, ಕಾಫಿ ಹೂವಿನ ಘಮ ಎಲ್ಲಾ ನಮ್ಮೋರಿಗೆ ಗೊತ್ತಿರೋದೇ, ಎಪಿಐ ಕಲಿಯೋಕೆ ಬಂದೋನು ಅಷ್ಟೊತ್ತಿಗೆ ಎದ್ದೋಗಿರ್ತಾನೆ.

ಉದಾಹರಣೆ ಮಾತ್ರ ಚೆನ್ನಾಗಿದೆ, ತೋಟ ಒಂದು ಟೇಬಲ್, ಅದು ಮಾರಿದ ಕಾಫಿ ಲಾಟ್‌ಗಳು ಇನ್ನೊಂದು, ತಾಲ್ಲೂಕು ಮತ್ತೊಂದು. ಲಾಟಿಂದ ತೋಟಕ್ಕೆ, ತೋಟದಿಂದ ತಾಲ್ಲೂಕಿಗೆ ಡಬಲ್ ಅಂಡರ್‌ಸ್ಕೋರ್ (__) ಹಾಕ್ಕೊಂಡು ಹೋಗಿ ಯುಆರ್‌ಎಲ್‌ನಲ್ಲೇ ಸೋಮವಾರಪೇಟೆ ಅಂತ ಕೇಳೋದು, ಅದೆಲ್ಲಾ ಸರಿ. ಆದ್ರೆ ಒಂದು ಲಾಟಿಗೆ ತೋಟ ಒಂದೇ, ಅದಕ್ಕೇ ಆ ಕಡೆ ಸುಲಭ. ತೋಟದಿಂದ ಲಾಟ್ ಕಡೆ ಹೋಗೋದನ್ನ 'ಇದೇ ರೀತಿ ಮಾಡಬಹುದು' ಅಂತ ಒಂದೇ ಸಾಲಲ್ಲಿ ಮುಗಿಸ್ಬಿಟ್ಟಿದ್ದೀರಲ್ಲ, ತೊಂದ್ರೆ ಇರೋದೇ ಅಲ್ಲಿ.

2023ರಲ್ಲಿ ಅರೇಬಿಕಾ ಮಾರಿದ ತೋಟಗಳು ಬೇಕು ಅಂತಿಟ್ಕೊಳ್ಳಿ. ವರ್ಷ, ತಳಿ ಎರಡೂ ಒಂದೇ ಫಿಲ್ಟರ್ ಕಾಲ್ (ಒಂದೇ filter() ಬ್ರಾಕೆಟ್) ಒಳಗಿದ್ರೆ ಒಂದೇ ಲಾಟಿಗೆ ಎರಡೂ ಹೊಂದ್ಬೇಕು. ಒಂದು ಫಿಲ್ಟರ್ ಆದ್ಮೇಲೆ ಇನ್ನೊಂದು ಫಿಲ್ಟರ್ ಅಂತ ಪೋಣಿಸಿದ್ರೆ, 2021ರಲ್ಲಿ ಅರೇಬಿಕಾ ಮಾರಿ 2023ರಲ್ಲಿ ಬರೀ ರೊಬಸ್ಟಾ ಚೆರಿ (ಹಣ್ಣನ್ನ ಹಾಗೇ ಒಣಗಿಸಿದ್ದು) ಕೊಟ್ಟೋರ ತೋಟನೂ ಬಂದು ಕೂರುತ್ತೆ, ಯಾಕಂದ್ರೆ ಪ್ರತಿ ಫಿಲ್ಟರ್ ಕಾಲ್‌ಗೂ ಬೇರೆ ಜಾಯಿನ್, ಅಂದ್ರೆ ಲಾಟ್ ಟೇಬಲ್ಲನ್ನ ಮತ್ತೊಂದ್ಸಲ ಹೊಸದಾಗಿ ಜೋಡಿಸುತ್ತೆ. ನೀವು ಬಳಸಿರೋ ಜ್ಯಾಂಗೊ ಫಿಲ್ಟರ್ ಪ್ಯಾಕೇಜ್ ಒಂದೊಂದು ಪ್ಯಾರಾಮೀಟರನ್ನೂ ಹೀಗೇ ಪೋಣಿಸ್ಕೊಂಡು ಹೋಗೋದು, ಹಾಗಾಗಿ ವರ್ಷ, ತಳಿ ಎರಡೂ ಕೇಳೋ ನಿಮ್ಮ ಕೊನೇ ಯುಆರ್‌ಎಲ್ ಒಂದು ಎರರೂ ಕೊಡದೆ ತಪ್ಪು ತೋಟ ತೋರಿಸುತ್ತೆ. ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ಬೇಕು ಅಂತ ವ್ಯಾಪಾರಿ ಆ ಲಿಸ್ಟ್ ನೋಡಿ ಫೋನ್ ಮಾಡಿದ್ರೆ ತೋಟದೋರು ಬೈತಾರೆ ಅಷ್ಟೇ. ಫಿಲ್ಟರ್‌ಸೆಟ್‌ನಲ್ಲಿ (ಆ ಪ್ಯಾಕೇಜಲ್ಲಿ ಫಿಲ್ಟರ್‌ಗಳನ್ನ ಬರೆಯೋ ಕ್ಲಾಸ್) ವರ್ಷ, ತಳಿ ಎರಡನ್ನೂ ಹಿಡಿದು ಒಂದೇ ಫಿಲ್ಟರ್ ಕಾಲ್‌ನಲ್ಲಿ ಸೇರಿಸೋದು ಹೇಗೆ ಅಂತ ಕೋಡ್ ಸಮೇತ ಬರೀರಿ, ಕಿತ್ತಾಕಿದ ಮೂರು ಪ್ಯಾರಾ ಜಾಗ ಇದಕ್ಕೇ ಇಟ್ಕೊಳ್ಳಿ.

ನಾಲ್ಕು ಲಾಟ್ ಹೊಂದಿದ್ರೆ ಅದೇ ತೋಟ ನಾಲ್ಕು ಸಲ ಬರುತ್ತೆ, ಹೀಗೆ ಮತ್ತೆ ಮತ್ತೆ ಬರೋದನ್ನ ತೆಗೆಯೋ ಡಿಸ್ಟಿಂಕ್ಟ್ ಬಗ್ಗೆ ನೀವು ಸೊಲ್ಲೇ ಎತ್ತಿಲ್ಲ. ಪ್ರಿಫೆಚ್ ರಿಲೇಟೆಡ್ (ತೋಟಗಳ ಲಾಟ್‌ಗಳನ್ನೆಲ್ಲಾ ಒಟ್ಟಿಗೆ ಮೊದಲೇ ತರೋದು) ಹಾಕಿದ್ರೆ ಒಳಗಿನ ಲಾಟ್‌ಗಳೂ ಫಿಲ್ಟರ್ ಆಗುತ್ತೆ ಅಂದಿರೋದು ತಪ್ಪು, ಅದು ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಸಂಖ್ಯೆ ಕಮ್ಮಿ ಮಾಡುತ್ತೆ ಅಷ್ಟೇ, ಲಾಟ್ ಎಲ್ಲಾ ಬರುತ್ತೆ. ಬೇಕಾದ್ದು ಮಾತ್ರ ಬರ್ಬೇಕಂದ್ರೆ ಪ್ರಿಫೆಚ್ ಆಬ್ಜೆಕ್ಟಿಗೆ ಲಾಟ್‌ಗಳನ್ನ ಫಿಲ್ಟರ್ ಮಾಡಿದ ಕ್ವೆರಿಸೆಟ್ಟೇ ಕೊಡ್ಬೇಕು.

ಇನ್ನು ಕೋಡನ್ನ ಫೋಟೋ ತೆಗ್ದು ಕಳಿಸ್ಬೇಡಿ, ಟೆಕ್ಸ್ಟ್ ಆಗೇ ಕಳ್ಸಿ, ಜೊತೆಗೆ ಮಾಡೆಲ್ ಫೈಲೂ ಇರ್ಲಿ, ನಾನಿಲ್ಲಿ ಓಡ್ಸಿ ನೋಡ್ಬೇಕು.