ಇಪ್ಪತ್ತೈದೆಂಬ ಅಂಕಿಯೂ ತಲಪಾಡಿಯ ಗಡಿಯೂ

ಮಾನ್ಯರೆ,

ಪೆರ್ಲದಿಂದ ನೀವು ಬರೆದ ಪತ್ರವನ್ನು ಎರಡು ಬಾರಿ ಓದಿದೆ. ಮಿದುಳು ಇಪ್ಪತ್ತೈದರವರೆಗೆ ಪಕ್ವವಾಗದೆಂದು ವಿಜ್ಞಾನವೇ ಹೇಳುತ್ತಿರುವಾಗ ಹದಿನೆಂಟಕ್ಕೆ ಮತದ ಹಕ್ಕು ಕೊಡುವುದೇಕೆ, ಹದಿನಾರರ ಹುಡುಗನನ್ನು ದೊಡ್ಡವರಂತೆ ವಿಚಾರಣೆಗೆ ಗುರಿಪಡಿಸುವುದೇಕೆ, ಎಲ್ಲದಕ್ಕೂ ಒಂದೇ ವಯಸ್ಸನ್ನು ಸರಕಾರ ಗೊತ್ತುಮಾಡಬಾರದೇಕೆ ಎಂಬುದು ನಿಮ್ಮ ಪ್ರಶ್ನೆ. ಮೊಮ್ಮಗ ಸ್ಕೂಟರಿನ ಕೀಲಿಗಾಗಿ ಹಟ ಹಿಡಿದಿರುವ ಸಂಗತಿಯನ್ನೂ ಕೊನೆಗೆ ಸೇರಿಸಿದ್ದೀರಿ. ಪತ್ರದ ಮೂಲ ಅಲ್ಲೇ ಇರಬೇಕೆಂದು ನನ್ನ ಊಹೆ.

1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಜೇ ಗೀಡ್ ಮತ್ತು ಸಂಗಡಿಗರು ಅವೇ ಮಕ್ಕಳ ಮಿದುಳನ್ನು ಕೆಲವು ವರ್ಷಗಳಿಗೊಮ್ಮೆ ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸುತ್ತ ಬಂದರು. ಹದಿಹರೆಯದ ಹೊಸ್ತಿಲವರೆಗೆ ಹೆಚ್ಚುವ ಬೂದು ದ್ರವ್ಯ (ನರಕೋಶಗಳು ದಟ್ಟವಾಗಿರುವ ಮಿದುಳಿನ ಅಂಶ) ಆಮೇಲೆ ತೆಳುವಾಗುತ್ತ ಹೋಗುತ್ತದೆ ಎಂದೂ, ಮುಂದಾಲೋಚನೆಗೆ ಮತ್ತು ಸಂಯಮಕ್ಕೆ ಸಂಬಂಧಿಸಿದ ಹಣೆಯ ಹಿಂದಿನ ಭಾಗ ತೀರ ತಡವಾಗಿ ಬಲಿಯುತ್ತದೆ ಎಂದೂ ಇಂತಹ ಅಧ್ಯಯನಗಳಿಂದ ತಿಳಿಯಿತು. ಆದರೆ ಇಪ್ಪತ್ತೈದನೆಯ ಹುಟ್ಟುಹಬ್ಬದಂದು ಮಿದುಳಿನಲ್ಲಿ ಏನೋ ಮುಗಿಯುತ್ತದೆಂದು ಯಾವ ಚಿತ್ರವೂ ತೋರಿಸಿಲ್ಲ. ಬದಲಾವಣೆ ಆ ವಯಸ್ಸಿನ ಆಚೆಗೂ ಮುಂದುವರಿಯುತ್ತದೆ. ಅದೂ ಅಲ್ಲದೆ ಇವು ಅನೇಕರನ್ನು ಒಟ್ಟಿಗೆ ನೋಡಿ ತೆಗೆದ ಸರಾಸರಿಗಳು. ಒಂದೇ ತೋಟದ ಅಡಿಕೆಯೂ ಒಂದೇ ದಿನ ಹಣ್ಣಾಗುವುದಿಲ್ಲವೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟವಾಡಿದ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಗೆಳೆಯರು ಪಕ್ಕದಲ್ಲಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಸಾವಧಾನವಾಗಿ ಕುಳಿತು ಯೋಚಿಸುವ ಶಕ್ತಿ ಹದಿನಾರರ ಹೊತ್ತಿಗೆ ಬಹುಮಟ್ಟಿಗೆ ಬಂದಿರುತ್ತದೆ, ಆವೇಶದ ನಡುವೆ ತನ್ನನ್ನು ತಡೆದುಕೊಳ್ಳುವ ಶಕ್ತಿ ಬರುವುದು ಆಮೇಲೆ ಎಂಬುದು ಸ್ಟೈನ್‌ಬರ್ಗ್ ಅವರ ವಾದ. ಹಾಗಿದ್ದರೆ ಯೋಚಿಸಲು ದಿನಗಟ್ಟಲೆ ಕಾಲಾವಕಾಶವಿರುವ ಮತದಾನಕ್ಕೂ, ಮೂವರು ಕುಳಿತ ಬೈಕಿಗೂ ಒಂದೇ ವಯಸ್ಸನ್ನು ಏಕೆ ಹುಡುಕಬೇಕು? (ಹೊಸ ಚಾಲಕರಿಗೆ ಹಂತಹಂತವಾಗಿ ಲೈಸೆನ್ಸ್ ಕೊಡುವ ಪದ್ಧತಿಯನ್ನು ನ್ಯೂಜಿಲೆಂಡ್ 1987ರಲ್ಲೇ ತಂದಿತ್ತು. ಅಂದರೆ ಮಿದುಳಿನ ಈ ಚಿತ್ರಗಳೆಲ್ಲ ಬರುವ ಮೊದಲೇ.)

ನಮ್ಮ ಗಡಿಯನ್ನೇ ನೋಡಿ. 2025ರಿಂದ ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಆಚೆ, ಕರ್ನಾಟಕದಲ್ಲಿ, 21 ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. ಈಚೆ, ಕೇರಳದಲ್ಲಿ, 18 ಸಾಕು. ಮದ್ಯಕ್ಕಾದರೆ ಕೇರಳದಲ್ಲಿ 23 ಆಗಬೇಕು. ಟೋಲ್‌ಗೇಟು ದಾಟುವಷ್ಟರಲ್ಲಿ ಯಾರ ಮಿದುಳೂ ಬೆಳೆಯುವುದಿಲ್ಲ, ಆದರೂ ಈ ಗೊಂದಲ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಬೆಳೆಯುತ್ತಿರುವ ಮಿದುಳಿಗೆ ನಿಕೋಟಿನ್ ಚಟ ಬೇಗ ಹತ್ತುತ್ತದೆ, ಮೂರು ವರ್ಷ ತಡೆದರೆ ಹುಡುಗನಿಗೆ ನಷ್ಟವೇನೂ ಇಲ್ಲ. ಮತದ ಹಕ್ಕನ್ನು ತಡೆದರೆ ಮಾತ್ರ ಅವನು ಕಳೆದುಕೊಳ್ಳುವುದಿದೆ.

ನನ್ನನ್ನು ಕಾಡುವುದು 2015ರ ಬಾಲನ್ಯಾಯ ಕಾಯ್ದೆ. ಹದಿನಾರು ದಾಟಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ಆ ಕೃತ್ಯವೆಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮ ಅರ್ಥವಾಗುತ್ತಿತ್ತೇ ಎಂದು 15ನೆಯ ಸೆಕ್ಷನ್ನಿನ ಪ್ರಕಾರ ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು; ಅವನನ್ನು ದೊಡ್ಡವರಂತೆ ವಿಚಾರಣೆಗೆ ಗುರಿಪಡಿಸಬೇಕೇ ಎಂಬ ತೀರ್ಮಾನಕ್ಕೆ ಅದೇ ಆಧಾರ. ಘಟನೆ ನಡೆದು ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಶಾಂತವಾದ ಕೋಣೆಯಲ್ಲಿ ಕುಳ್ಳಿರಿಸಿ, ಆ ದಿನ ಆ ಗುಂಪಿನ ನಡುವೆ ಅವನ ಮನಸ್ಸು ಹೇಗಿತ್ತೆಂದು ಅಳೆಯಬಲ್ಲ ಪರೀಕ್ಷೆ ಯಾವುದಿದೆ? ಮೇಲೆ ಹೇಳಿದ ಪ್ರಯೋಗ ಎಚ್ಚರಿಸಿದ್ದು ಇದನ್ನೇ. ಅಮೆರಿಕದ ಸುಪ್ರೀಂ ಕೋರ್ಟು 2010ರಲ್ಲಿ, ಕೊಲೆಯಲ್ಲದ ಅಪರಾಧಕ್ಕೆ ಹದಿನೆಂಟರೊಳಗಿನವರನ್ನು ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಗೆ ತಳ್ಳಬಾರದೆಂದಾಗ ಮಿದುಳು ವಿಜ್ಞಾನವನ್ನು ಹೆಸರಿಸಿಯೇ ಉಲ್ಲೇಖಿಸಿತು; ಆದರೆ ಒಬ್ಬೊಬ್ಬನ ಮಿದುಳನ್ನು ಅಳೆಯಹೊರಡದೆ ಆ ವಯಸ್ಸಿನವರೆಲ್ಲರಿಗೂ ಅನ್ವಯಿಸುವ ಗೆರೆಯೆಳೆಯಿತು. ಸರಾಸರಿಯ ಜ್ಞಾನವನ್ನು ಬಳಸಬೇಕಾದದ್ದು ಹಾಗೆಯೇ ಎಂಬುದು ನನ್ನ ಅಭಿಪ್ರಾಯ.

ಇನ್ನು ಸ್ಕೂಟರು. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ನೀವು ಬಯಸಿದ ಇಪ್ಪತ್ತೈದು ನಮ್ಮ ರಸ್ತೆಯ ಕಾನೂನಿನಲ್ಲಿ ಇದೆ, ಶಿಕ್ಷೆಯಾಗಿ. ಕೀಲಿ ಸದ್ಯಕ್ಕೆ ನಿಮ್ಮ ಬಳಿಯೇ ಇರಲಿ.

ಸಂಪಾದಕ