ಮೊದಲು ಬಂದವರಿಗೆ ಆಸಿಡ್ ಹೊಗೆ ಬಿಡುವ ಹಕ್ಕಿದೆಯೇ?

ಪ್ರಶ್ನೆ: ಸರ್, ನಾವು ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿ ಬಾಡಿಗೆಗೆ ಇದ್ದೇವೆ. ಮನೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಲೋಹದ ಸಾಮಾನಿಗೆ ಹೊಳೆಯುವ ಲೇಪ ಹಾಕುವ ಒಂದು ಪ್ಲೇಟಿಂಗ್ ಶೆಡ್ ಇದೆ. ರಾತ್ರಿ ಹತ್ತರ ಮೇಲೆ ಮೂಗಿಗೆ ಚುಚ್ಚುವ ಆಸಿಡ್ ವಾಸನೆ ಶುರುವಾಗುತ್ತದೆ. ಮಗಳ ಕೆಮ್ಮು ನಿಲ್ಲುವುದೇ ಇಲ್ಲ. ಯುಗಾದಿಗೆ ಪೇಂಟ್ ಹೊಡೆಸಿದ ಕಿಟಕಿ ಗ್ರಿಲ್ ಆಗಲೇ ತುಕ್ಕು ಹಿಡಿದು ಉದುರುತ್ತಿದೆ. ಕೇಳಿದರೆ, "ನಾವು ಬಂದಾಗ ಇಲ್ಲಿ ಮನೆಗಳೇ ಇರಲಿಲ್ಲ, ಕಷ್ಟ ಆದರೆ ಖಾಲಿ ಮಾಡಿ" ಅನ್ನುತ್ತಾರೆ. ನಮ್ಮ ಯಜಮಾನರು ಪೀಣ್ಯದಲ್ಲಿ ಇಂಥದೇ ಕೆಲಸಕ್ಕೆ ಹೋಗುವವರು. ದೂರು ಕೊಟ್ಟರೆ ನಾಲ್ಕು ಜನರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತದಾ ಅಂತ ಭಯ. ಏನು ಮಾಡಲಿ?
– ಒಬ್ಬ ತಾಯಿ, ಹೆಗ್ಗನಹಳ್ಳಿ

ಉತ್ತರ: ನೋಡಿ ಅಮ್ಮ, ಆ "ಮೊದಲು ಬಂದವರು" ಮಾತಿಗೆ ನೀವು ಹೆದರಬೇಡಿ. 1981ರ ವಾಯು ಕಾಯ್ದೆ ಯಾರು ಮೊದಲು ಬಂದರು ಅಂತ ಕೇಳುವುದಿಲ್ಲ. ಶೆಡ್ ನಡೆಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್, ಅಂದರೆ ಅನುಮತಿ ಪತ್ರ, ಇರಬೇಕು, ಅದರ ಷರತ್ತುಗಳನ್ನು ಪ್ರತಿದಿನ ಪಾಲಿಸಬೇಕು. ರಾತ್ರಿಗೂ ಅದೇ ಷರತ್ತು.

ಖಾಲಿ ಮಾಡಿ ಅನ್ನುವುದು ಸುಲಭ. ನೀವು ಹೋದರೆ ಆ ಮನೆಗೆ ಬರುವವರು ಯಾರು? ಬಾಡಿಗೆ ಕಡಿಮೆ ಅಂತ, ಕೆಲಸಕ್ಕೆ ನಡೆದೇ ಹೋಗಬಹುದು ಅಂತ ನಿಮ್ಮಂಥದೇ ಇನ್ನೊಂದು ಸಂಸಾರ ಬರುತ್ತದೆ. ಅವರಿಗೂ ಒಂದು ಮಗು ಇರುತ್ತದೆ. ಲಗ್ಗೆರೆ, ರಾಜಗೋಪಾಲನಗರ, ಸುಂಕದಕಟ್ಟೆ ಕಡೆ ಮನೆ ಮತ್ತು ಶೆಡ್ ಒಂದೇ ಗೋಡೆ ಹಂಚಿಕೊಂಡಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಿರಿವಂತರ ಸದಾಶಿವನಗರದಲ್ಲಿ ಯಾರೂ ಆಸಿಡ್ ತೊಟ್ಟಿ ಇಡುವುದಿಲ್ಲ. ಊರಿನವರ ನಲ್ಲಿ, ಬೈಕು ಮಿಂಚಲಿ ಅಂತ ನಿಮ್ಮ ಮಗಳು ಯಾಕೆ ಕೆಮ್ಮಬೇಕು? ಇದು ನನಗೆ ಸಿಟ್ಟು ತರಿಸುವ ವಿಷಯ.

ಈಗ ಆ ಶೆಡ್ಡಿನೊಳಗೆ ಏನಾಗುತ್ತದೆ ಹೇಳುತ್ತೇನೆ. ಪ್ಲೇಟಿಂಗ್‌ಗೆ ಮುಂಚೆ ಕಬ್ಬಿಣದ ತುಕ್ಕು ಬಿಡಿಸಲು ಆಸಿಡ್ ತೊಟ್ಟಿಯಲ್ಲಿ ಅದ್ದುತ್ತಾರೆ. ಅಲ್ಲಿಂದ ಏಳುವ ಹೊಗೆಯೇ ನಿಮ್ಮ ಗ್ರಿಲ್ ತಿನ್ನುತ್ತಿರುವುದು ಅಂತ ನನ್ನ ಅಂದಾಜು. ಕ್ರೋಮ್ ಕೆಲಸ ಇದ್ದರೆ ಇನ್ನೂ ಕೆಟ್ಟದು. ಕರೆಂಟ್ ಹರಿದಾಗ ತೊಟ್ಟಿಯಲ್ಲಿ ಗುಳ್ಳೆ ಏಳುತ್ತವೆ. ಅವು ಒಡೆದಾಗ ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ಆ ಹನಿಯಲ್ಲಿ ಕ್ಯಾನ್ಸರ್ ತರುವ ಕ್ರೋಮಿಯಂ ಇರುತ್ತದೆ. ಇದನ್ನೆಲ್ಲ ಫ್ಯಾನ್ ಇಟ್ಟು ಎಳೆದು, ಸ್ಕ್ರಬ್ಬರ್‌ನಲ್ಲಿ ನೀರು ಸಿಂಪಡಿಸಿ ತೊಳೆದು, ಆಮೇಲೆ ಚಿಮಣಿಯಿಂದ ಬಿಡಬೇಕು. ಆಸಿಡ್ ಮುರಿಯಲು ಆ ನೀರಿಗೆ ಕಾಸ್ಟಿಕ್ ಹಾಕುತ್ತಾರೆ.

ಫ್ಯಾನು, ಪಂಪು ಕರೆಂಟ್ ತಿನ್ನುತ್ತವೆ, ಕಾಸ್ಟಿಕ್‌ಗೆ ದುಡ್ಡು ಬೇಕು. ಹಾಗಾಗಿ ರಾತ್ರಿ ಆಫ್ ಮಾಡುವವರಿದ್ದಾರೆ. ನಾನು ಖಾಸಗಿ ಲ್ಯಾಬಿನಲ್ಲಿದ್ದಾಗ ಚಿಮಣಿ ಹತ್ತಿ ಸ್ಯಾಂಪಲ್ ತೆಗೆಯುತ್ತಿದ್ದೆ. ಚಿಮಣಿಗೆ ಸುತ್ತ ಒಂದು ಪ್ಲಾಟ್‌ಫಾರ್ಮ್, ಪಕ್ಕದಲ್ಲಿ ಮುಚ್ಚಳ ಇರುವ ತೂತು. ಅದರೊಳಗೆ ನಳಿಗೆ ತೂರಿಸಿ ಗಾಳಿ ಎಳೆಯಬೇಕು. ಆದರೆ ನಾವು ಹೋಗುತ್ತಿದ್ದುದು ಹಗಲು ಹೊತ್ತು, ಮೊದಲೇ ಫೋನ್ ಮಾಡಿ. ಫೀಸ್ ಕೊಡುವವರೂ ಕಾರ್ಖಾನೆಯವರೇ. ಆ ಹೊತ್ತಿಗೆ ಎಲ್ಲಾ ಪಂಪೂ ಓಡುತ್ತಿರುತ್ತದೆ, ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ಆದ್ದರಿಂದ ನೀವು ಮಂಡಳಿಗೆ ಕೊಡುವ ದೂರಿನಲ್ಲಿ ಒಂದು ಮಾತು ಬರೆಯಲೇಬೇಕು: ಪರಿಶೀಲನೆ ರಾತ್ರಿ, ಮುಂಚೆ ತಿಳಿಸದೆ ಆಗಬೇಕು.

ಮಗಳ ಹಳೇ ನೋಟ್‌ಬುಕ್ಕಿನಲ್ಲಿ ದಿನಾಂಕ, ವಾಸನೆ ಶುರುವಾದ ಹೊತ್ತು, ಫ್ಯಾನಿನ ಸದ್ದು ಇತ್ತೋ ಇಲ್ಲವೋ ಬರೆಯುತ್ತಾ ಹೋಗಿ. ಗ್ರಿಲ್ ಫೋಟೋ ತೆಗೆದಿಡಿ. ಮಗಳನ್ನು ಡಾಕ್ಟರಿಗೆ ತೋರಿಸಿ, ಚೀಟಿ ಎಸೆಯಬೇಡಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಮಂಡಳಿಗೆ ಅರ್ಜಿ ಹಾಕಿ, ಆ ಶೆಡ್ಡಿನ ಕನ್ಸೆಂಟ್ ಪ್ರತಿ ಮತ್ತು ಪರಿಶೀಲನೆಯ ವರದಿ ಕೇಳಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 30 ದಿನದೊಳಗೆ ಉತ್ತರ ಕೊಡಬೇಕು. ಕನ್ಸೆಂಟ್ ಇಲ್ಲ ಅಂತ ಬಂದರೆ ನಿಮ್ಮ ಕೇಸು ಅಲ್ಲೇ ಅರ್ಧ ಗೆದ್ದಂತೆ. ಷರತ್ತು ಮುರಿದವರ ಕರೆಂಟ್ ಕಡಿಸುವ ಅಧಿಕಾರವೂ ಮಂಡಳಿಗೆ ವಾಯು ಕಾಯ್ದೆಯಲ್ಲೇ ಇದೆ. ಒಬ್ಬರೇ ಸಹಿ ಮಾಡಬೇಡಿ, ಇಡೀ ಓಣಿಯವರು ಮಾಡಿ. ಬಾಡಿಗೆದಾರರನ್ನು ಓನರ್ ಮೂಲಕ ಹೆದರಿಸುವುದು ಬಹಳ ಸುಲಭ.

ಯಜಮಾನರ ವಿಷಯ. ಬಾಗಿಲು ಹಾಕಿಸಿ ಅಂತ ನೀವು ಕೇಳುತ್ತಿಲ್ಲ, ಸ್ಕ್ರಬ್ಬರ್ ಓಡಿಸಿ ಅಂತ ಕೇಳುತ್ತಿದ್ದೀರಿ. ಅದು ಓಡಿದರೆ ಮೊದಲು ಉಳಿಯುವುದು ಒಳಗೆ ನಿಂತು ಕೆಲಸ ಮಾಡುವವರ ಶ್ವಾಸಕೋಶ. ವರ್ಷಗಟ್ಟಲೆ ಕ್ರೋಮ್ ತೊಟ್ಟಿ ಮೇಲೆ ಬಗ್ಗಿದವರಿಗೆ ಮೂಗಿನ ಒಳಗಿನ ನಡುಗೋಡೆಯೇ ತೂತಾಗಬಹುದು. ಕ್ರೋಮ್ ಹುಣ್ಣು 1948ರ ಕಾರ್ಖಾನೆ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲೇ ಇತ್ತು. ಅವರು ಇರುವುದು ಕ್ರೋಮ್ ವಿಭಾಗವಾದರೆ ಇಎಸ್‌ಐನಲ್ಲಿ ಮೂಗು ತೋರಿಸಲಿ, ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ನಮ್ಮ ಏರಿಯಾ ಹಸಿರು ತೋರಿಸುತ್ತೆ. ಆದರೂ ಕಣ್ಣು ಉರಿಯುತ್ತೆ. ಯಾವುದನ್ನು ನಂಬಲಿ?
– ಪಿಯುಸಿ ವಿದ್ಯಾರ್ಥಿ, ದಾಸರಹಳ್ಳಿ

ಉತ್ತರ: ಕಣ್ಣನ್ನು ನಂಬಪ್ಪ. ಆ್ಯಪ್ ತೋರಿಸುವ ಗಾಳಿ ಗುಣಮಟ್ಟ ಸೂಚ್ಯಂಕದ ಲೆಕ್ಕಕ್ಕೆ ಬರುವುದು ಎಂಟೇ ಮಾಲಿನ್ಯಕಾರಕಗಳು: ಎರಡು ಬಗೆಯ ಧೂಳಿನ ಕಣ, ಗಂಧಕ ಮತ್ತು ಸಾರಜನಕದ ಡೈಆಕ್ಸೈಡ್, ಓಝೋನ್, ಕಾರ್ಬನ್ ಮೊನಾಕ್ಸೈಡ್, ಅಮೋನಿಯಾ, ಸೀಸ. ಆಸಿಡ್ ಹೊಗೆ, ಕ್ರೋಮಿಯಂ, ಪೇಂಟ್ ಥಿನ್ನರ್ ಅದರಲ್ಲಿ ಇಲ್ಲ. ಗಾಳಿ ಅಳೆಯುವ ಯಂತ್ರ ಇರುವುದೂ ನಿನ್ನ ಓಣಿಯಲ್ಲಿ ಅಲ್ಲ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ಹೊಗೆ ಪಕ್ಕದ ಶೀಟ್ ಮನೆಗಳ ಮೇಲೆ ಹೋಗುತ್ತದೆ. ಕಮಿಟಿಯಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.
– ನಿವೃತ್ತ ಶಿಕ್ಷಕಿ, ಯಶವಂತಪುರ

ಉತ್ತರ: ನೀವು ಪಕ್ಕದವರ ಪರವಾಗಿ ಕೇಳಿದ್ದು ತುಂಬಾ ಸಂತೋಷ ಮೇಡಂ. ಕಮಿಟಿಗೆ ನಿಯಮವನ್ನೇ ತೋರಿಸಿ. ಜನರೇಟರ್ ಇಟ್ಟಿರುವ ಕಟ್ಟಡದ ಎತ್ತರ ಎಷ್ಟಿದೆಯೋ, ಹೊಗೆ ಕೊಳವೆ ಅದಕ್ಕಿಂತ ಮೇಲಿರಬೇಕು. ಎಷ್ಟು ಮೇಲೆ ಅಂದರೆ, ಜನರೇಟರ್ ಸಾಮರ್ಥ್ಯದ ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು ಮೀಟರ್. 225 ಕೆವಿಎ ಜನರೇಟರ್ ಆದರೆ 3 ಮೀಟರ್. ಮುಂದಿನ ಮೀಟಿಂಗಿಗೆ ಮುಂಚೆ ನಿಮ್ಮ ಎಲೆಕ್ಟ್ರಿಷಿಯನ್‌ನಿಂದ ಅಳತೆ ಹಿಡಿಸಿ.