ಹೊಸ ಮನೆ ಕಟ್ಟುವಾಗ ಮೊದಲ ದುಡ್ಡು ಯಾವುದಕ್ಕೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪರಿಸರಕ್ಕೆ ಹೆಚ್ಚು ಹೊರೆಯಾಗದ ಮನೆ ಕಟ್ಟುವುದು ಹೇಗೆ ಅಂತ ಕೇಳಿ ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸೋಲಾರ್ ಪ್ಯಾನಲ್, ಮಳೆನೀರಿನ ಟ್ಯಾಂಕ್, ತಾನಾಗಿ ಆರುವ ಲೈಟು, ಡಬಲ್ ಗ್ಲಾಸ್ ಕಿಟಕಿ... ನಮ್ಮ ಪಟ್ಟಿ ಬೆಳೆಯುತ್ತಲೇ ಇದೆ. ಕೈಯಲ್ಲಿರುವ ದುಡ್ಡು ಮಾತ್ರ ಅಷ್ಟೇ ಇದೆ. ಯಾವುದರಿಂದ ಶುರು ಮಾಡೋದು ಸರ್?

ಪಟ್ಟಿಯನ್ನು ಎರಡು ಭಾಗ ಮಾಡಿ. ಮನೆಗೆ ಬಂದು ಐದು ವರ್ಷ ಆದ ಮೇಲೂ ಹಾಕಿಸಬಹುದಾದ್ದು ಒಂದು ಕಡೆ. ಒಮ್ಮೆ ಕಟ್ಟಿದ ಮೇಲೆ ಒಡೆಯದೆ, ದೊಡ್ಡ ಕೆಲಸ ಮಾಡಿಸದೆ ಬದಲಾಯಿಸಲು ಆಗದ್ದು ಇನ್ನೊಂದು ಕಡೆ. ಸೋಲಾರ್ ಪ್ಯಾನಲ್, ಲೈಟು, ಫ್ಯಾನು ಎಲ್ಲ ಮೊದಲ ಭಾಗಕ್ಕೆ ಸೇರುತ್ತವೆ. ಮನೆಯ ಅಳತೆ, ಅದು ಮುಖ ಮಾಡಿರುವ ದಿಕ್ಕು, ಕಿಟಕಿಯ ಜಾಗ, ಚಾವಣಿಯಲ್ಲಿ ಶಾಖ ತಡೆಯುವ ಪದರ, ಪೈಪು ಹೋಗುವ ದಾರಿ ಎರಡನೆಯದಕ್ಕೆ. ದುಡ್ಡು ಮೊದಲು ಎರಡನೆಯ ಭಾಗಕ್ಕೆ ಹೋಗಬೇಕು. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಪ್ಯಾನಲ್ ಬಂದವರ ಕಣ್ಣಿಗೆ ಬೀಳುತ್ತದೆ, ಚಾವಣಿಯ ಪದರವನ್ನು ಯಾರು ನೋಡುತ್ತಾರೆ, ಅಲ್ವಾ?

ಸೋಲಾರ್ ಈಗಲೇ ಆಗದಿದ್ದರೆ ಚಿಂತೆ ಬೇಡ. ಚಾವಣಿಯಲ್ಲಿ ನೆರಳು ಬೀಳದ ಜಾಗ ಬಿಟ್ಟಿರಿ. ನೀರಿನ ಟ್ಯಾಂಕನ್ನು ಅದಕ್ಕೆ ಅಡ್ಡ ಇಡಬೇಡಿ. ಮೇಲಿನಿಂದ ಮೀಟರ್ ಬೋರ್ಡಿನವರೆಗೆ ಒಂದು ಖಾಲಿ ಪೈಪು ಎಳೆಸಿ. ಮುಂದೆ ಎಷ್ಟು ಭಾರ ಬರಬಹುದು ಅಂತ ಎಂಜಿನಿಯರ್‌ಗೆ ಹೇಳಿಟ್ಟಿರಿ. ಈಗ ಇಷ್ಟು ಸಾಕು.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯವೇ ಎಲ್ಲಕ್ಕಿಂತ ದೊಡ್ಡದು: ಮನೆಯ ಅಳತೆ. 180 ಚದರ ಮೀಟರ್ ಪ್ಲಾನನ್ನು 140ಕ್ಕೆ ಇಳಿಸಿದರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಯಿತು. ಸಿಮೆಂಟು, ಕಂಬಿ, ಬಣ್ಣ ಎಲ್ಲವೂ ಹೆಚ್ಚು ಕಡಿಮೆ ಅದೇ ಲೆಕ್ಕದಲ್ಲಿ ಇಳಿಯುತ್ತವೆ. ಆಮೇಲೆ ಇರುವಷ್ಟು ಕಾಲ ಅಷ್ಟು ಜಾಗಕ್ಕೆ ದೀಪ, ತಂಪು, ಗುಡಿಸುವ ಕೆಲಸ ಯಾವುದೂ ಇಲ್ಲ. ಅಪರೂಪಕ್ಕೆ ಬರುವ ನೆಂಟರಿಗೆಂದೇ ಒಂದು ರೂಮು ಬೇಕಾ ಅಂತ ಮನೆಯಲ್ಲಿ ಕೂತು ಮಾತಾಡಿ. ಈ ಮಾತು ಯಾರಿಗೂ ಇಷ್ಟ ಆಗುವುದಿಲ್ಲ, ನನಗೆ ಗೊತ್ತು. ಆದರೆ ಇದಕ್ಕೆ ಸಮನಾದ ಉಳಿತಾಯ ಯಾವ ಉಪಕರಣದಿಂದಲೂ ಬರುವುದಿಲ್ಲ.

ಪ್ರಶ್ನೆ: ನಮ್ಮ ಸೈಟಿನ ರಸ್ತೆ ಪಶ್ಚಿಮಕ್ಕಿದೆ. ಮುಂಭಾಗಕ್ಕೆ ನೆಲದಿಂದ ಚಾವಣಿವರೆಗೆ ಗಾಜು ಹಾಕೋಣ, ನೋಡೋಕೂ ಚೆಂದ, ಒಳಗೆ ಬೆಳಕೂ ಜಾಸ್ತಿ ಅಂತ ವಿನ್ಯಾಸ ಮಾಡುವವರು ಹೇಳುತ್ತಿದ್ದಾರೆ. ಬೇಸಿಗೆಯಲ್ಲಿ ಸೆಕೆಯಾದರೆ ದಪ್ಪ ಪರದೆ ಹಾಕಿದರಾಯಿತು ಅಂತಾರೆ. ಒಪ್ಪಿಕೊಳ್ಳಬಹುದಾ?

ತೀರಾ ಚಳಿಯ ಊರಾದರೆ ಯೋಚಿಸಬಹುದು. ಬೇಸಿಗೆ ಸೆಕೆ ಇರುವ ಕಡೆ ಬೇಡ.

ಯಾಕೆ ಅಂದರೆ ಸೂರ್ಯನ ಎತ್ತರ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು-ರಾತ್ರಿ ಸಮ ಇರುವ ದಿನ, ನಡುಹಗಲಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆ ಅಂತ ತಿಳಿಯಲು 90ರಿಂದ ನಿಮ್ಮ ಊರಿನ ಅಕ್ಷಾಂಶ ಕಳೆಯಿರಿ. 30 ಡಿಗ್ರಿ ಅಕ್ಷಾಂಶದಲ್ಲಿ 60 ಡಿಗ್ರಿ ಆಯಿತು. ನಡುಬೇಸಿಗೆಗೆ ಸುಮಾರು 23.5 ಕೂಡಿಸಿ, ನಡುಚಳಿಗಾಲಕ್ಕೆ ಅಷ್ಟೇ ಕಳೆಯಿರಿ. ಅಂದರೆ ಬೇಸಿಗೆಯಲ್ಲಿ 83.5, ಚಳಿಯಲ್ಲಿ 36.5. ಇಷ್ಟು ವ್ಯತ್ಯಾಸ ಇರುವುದರಿಂದಲೇ ಒಂದು ಸಾದಾ ಸಜ್ಜಾ ಬೇಸಿಗೆ ಬಿಸಿಲನ್ನು ತಡೆದು ಚಳಿಗಾಲದ ಬಿಸಿಲನ್ನು ಒಳಗೆ ಬಿಡಬಲ್ಲದು. ಕರೆಂಟು ಬೇಡ, ರಿಪೇರಿ ಬೇಡ. ಇದು ಕೆಲಸ ಮಾಡುವುದು ಉತ್ತರಾರ್ಧಗೋಳದಲ್ಲಿ ದಕ್ಷಿಣದ ಗೋಡೆಗೆ, ದಕ್ಷಿಣಾರ್ಧಗೋಳದಲ್ಲಿ ಉತ್ತರದ ಗೋಡೆಗೆ. ಸಮಭಾಜಕ ವೃತ್ತದ ಹತ್ತಿರ, ಬೇಸಿಗೆಯ ಲೆಕ್ಕ 90 ದಾಟುವ ಕಡೆ, ನಡುಬೇಸಿಗೆಯಲ್ಲಿ ಸೂರ್ಯ ಇನ್ನೊಂದು ಬದಿಗೆ ಹೋಗುತ್ತಾನೆ; ಅಲ್ಲಿ ಮಾತ್ರ ಎರಡೂ ಕಡೆ ಸಜ್ಜಾ ಬೇಕು.

ಪೂರ್ವ, ಪಶ್ಚಿಮದ ಕಥೆ ಬೇರೆ. ಅಲ್ಲಿಗೆ ಬಿಸಿಲು ಬೀಳುವ ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿರುತ್ತಾನೆ. ಬಿಸಿಲು ಸಜ್ಜಾದ ಕೆಳಗೆ ನುಸುಳಿ ನೇರವಾಗಿ ಒಳಗೆ ಬರುತ್ತದೆ. ಪಶ್ಚಿಮದ್ದು ಇನ್ನೂ ಕಷ್ಟ, ಯಾಕೆಂದರೆ ಸಂಜೆ ಹೊತ್ತಿಗೆ ಗಾಳಿ, ಗೋಡೆ ಎಲ್ಲ ಮೊದಲೇ ಕಾದಿರುತ್ತವೆ. ಪರದೆ ಹಾಕಿದರಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಿಸಿಲು ಗಾಜು ದಾಟಿದ ಮೇಲೆ ಶಾಖ ಒಳಗೆ ಬಂದ ಹಾಗೆಯೇ. ಪರದೆ ಕಾಯುತ್ತದೆ, ಅದರ ಬಿಸಿ ರೂಮಿಗೇ ಸೇರುತ್ತದೆ. ನೆರಳು ಗಾಜಿನ ಹೊರಗಿರಬೇಕು. ನಿಲುವು ಪಟ್ಟಿಗಳು, ಜಾಲರಿ, ಹೊರಗಿನಿಂದ ಮುಚ್ಚುವ ಬಾಗಿಲು, ಚಪ್ಪರದ ಮೇಲೆ ಬಳ್ಳಿ, ಇಲ್ಲವೇ ಚಳಿಗಾಲದಲ್ಲಿ ಎಲೆ ಉದುರಿಸುವ ಮರ.

ನನ್ನನ್ನು ಕೇಳಿದರೆ ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮು ಇಡಿ. ಅವು ಬಿಸಿಲನ್ನು ತಾವು ತಗೊಂಡು ಮಲಗುವ ಕೋಣೆಯನ್ನು ಉಳಿಸುತ್ತವೆ. ಗಾಜು ಬೇಕೇ ಬೇಕು ಅಂದರೆ ಕೊಳ್ಳುವಾಗ ಎರಡು ಅಂಕಿ ಕೇಳಿ. ಒಂದು ಎಸ್‌ಎಚ್‌ಜಿಸಿ: ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಅನ್ನುವುದು. ಸಾದಾ ಗಾಜಿಗೆ ಇದು 0.8ರ ಮೇಲಿರುತ್ತದೆ, ಸೆಕೆಯ ಊರಿಗೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಇನ್ನೊಂದು ಯು-ವ್ಯಾಲ್ಯೂ, ಗಾಜಿನ ಮೂಲಕ ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಅನ್ನುವುದು. ಒಂಟಿ ಗಾಜಿಗೆ ಸುಮಾರು 5.8, ಸಾದಾ ಡಬಲ್ ಗ್ಲಾಸಿಗೆ ಸುಮಾರು 2.8. ಚಳಿಯ ಊರಿನವರಿಗೆ ಇದೇ ಮುಖ್ಯ. ಸುಮ್ನೆ "ಡಬಲ್ ಗ್ಲಾಸ್" ಅಂತ ಕೊಂಡರೆ ಬಿಸಿಲಿನ ಸಮಸ್ಯೆ ತೀರುವುದಿಲ್ಲ.

ಪ್ರಶ್ನೆ: ಸಿಮೆಂಟ್ ಪರಿಸರಕ್ಕೆ ಕೆಟ್ಟದ್ದು ಅಂತ ಓದಿದೆ. ಸಿಮೆಂಟ್ ಇಲ್ಲದೆ ಮನೆ ಕಟ್ಟಬಹುದಾ? ಮಣ್ಣಿನ ಗೋಡೆ ಅಂದರೆ ಮನೆಯಲ್ಲಿ ಎಲ್ಲರೂ ಮಳೆಗೆ ಕರಗಿ ಹೋಗುತ್ತದೆ ಅಂತ ಹೆದರಿಸುತ್ತಾರೆ.

ಓದಿದ್ದು ಸರಿ. ಮನುಷ್ಯರಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 8% ಸಿಮೆಂಟ್ ತಯಾರಿಕೆಯದು. ಗೂಡಿನಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಬೇಕು, ಅದಕ್ಕೆ ಇಂಧನ ಸುಡಬೇಕು. ಆದರೆ ಅರ್ಧಕ್ಕಿಂತ ಹೆಚ್ಚು ಅನಿಲ ಬರುವುದು ಇಂಧನದಿಂದ ಅಲ್ಲ, ಕಾದ ಸುಣ್ಣದ ಕಲ್ಲಿನಿಂದ. ಹಾಗಾಗಿ ಒಳ್ಳೆಯ ಇಂಧನ ಬಳಸಿದರೂ ಆ ಭಾಗ ಹೋಗುವುದಿಲ್ಲ. ನಮ್ಮ ಕೈಲಾಗುವುದು ಸಿಮೆಂಟನ್ನು ಕಡಿಮೆ ಬಳಸುವುದು.

ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಪಾಯ, ಚಾವಣಿ, ಭೂಕಂಪ ತಾಳಲು ಗೋಡೆಯುದ್ದಕ್ಕೂ ಹಾಕುವ ಕಾಂಕ್ರೀಟ್ ಪಟ್ಟಿಗಳ ವಿಷಯದಲ್ಲಿ ಜಿಪುಣತನ ಮಾಡಬಾರದು. ಉಳಿತಾಯಕ್ಕೆ ಬೇರೆ ಜಾಗಗಳಿವೆ. ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಬರುವ ನುಣ್ಣನೆ ಬೂದಿ) ಅಥವಾ ಕಬ್ಬಿಣದ ಕುಲುಮೆಯ ಸ್ಲ್ಯಾಗ್ (ಕಿಟ್ಟ) ಬೆರೆಸಿದ ಸಿಮೆಂಟ್ ಕೇಳಿ. ಇದು ನಿಧಾನವಾಗಿ ಗಟ್ಟಿಯಾಗುತ್ತದೆ. ಏಳು ದಿನ ನೀರುಣಿಸಿ ಸಾಕು ಅನ್ನುವ ಮೇಸ್ತ್ರಿಗೆ ಇನ್ನೂ ಒಂದು ವಾರ ಉಣಿಸಲು ಹೇಳಬೇಕಾಗುತ್ತದೆ. ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡಲೂ ಬಿಡಬೇಡಿ. ಭೂಕಂಪದ ಭಯ ಇಲ್ಲದ ಕಡೆ, ಒಂದೆರಡು ಮಹಡಿಯ ಮನೆಗೆ ಕಾಂಕ್ರೀಟ್ ಕಂಬ-ತೊಲೆ ಬೇಕೇ ಅಂತ ಕೇಳಿ. ಗೋಡೆಯೇ ಭಾರ ಹೊರಬಲ್ಲದು. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ಒಂದು ವಿಧಾನವಿದೆ, ರ್‍ಯಾಟ್ ಟ್ರ್ಯಾಪ್ ಬಾಂಡ್ ಅಂತ. ಇದರಲ್ಲಿ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ, ಗಾರೆಯೂ ಉಳಿಯುತ್ತದೆ. ಒಳಗಿನ ಗಾಳಿ ಶಾಖವನ್ನೂ ತಡೆಯುತ್ತದೆ. ಗೊತ್ತಿರುವ ಕೈ ಬೇಕು ಅಷ್ಟೇ. ಮೊದಲು ಕಾಂಪೌಂಡ್ ಗೋಡೆಯಲ್ಲಿ ಕಟ್ಟಿಸಿ ನೋಡಿ.

ಇನ್ನು ಮಣ್ಣು. ಇಂಗ್ಲೆಂಡಿನ ಡೆವನ್‌ನಲ್ಲಿ ಮಳೆ ಕಡಿಮೆ ಏನಲ್ಲ. ಅಲ್ಲಿ ಮಣ್ಣು, ಹುಲ್ಲು ಕಲಸಿ ಕಟ್ಟಿದ ನೂರಾರು ವರ್ಷ ಹಳೆಯ ಮನೆಗಳಲ್ಲಿ ಜನ ಇವತ್ತಿಗೂ ವಾಸ ಮಾಡುತ್ತಿದ್ದಾರೆ. ಗುಟ್ಟು ಇಷ್ಟೇ: ಕೆಳಗೆ ಎತ್ತರದ ಕಲ್ಲಿನ ಪಾಯ, ಮೇಲೆ ಅಗಲವಾದ ಸೂರು. ನೆಲದ ನೀರು ಮೇಲೇರಬಾರದು, ಮಳೆ ಗೋಡೆಗೆ ಬಡಿಯಬಾರದು. ಹೊಸ ಮನೆಗೆ ನಾನು ಹೇಳುವುದು 5ರಿಂದ 10% ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್. ಸುಡುವ ಕೆಲಸವೇ ಇಲ್ಲ. ನೆರಳಲ್ಲಿಟ್ಟು ಮೂರು-ನಾಲ್ಕು ವಾರ ತೇವ ಆರದ ಹಾಗೆ ನೋಡಿಕೊಂಡರೆ ಗಟ್ಟಿಯಾಗುತ್ತದೆ. ಆದರೆ ಎಲ್ಲ ಮಣ್ಣೂ ಆಗುವುದಿಲ್ಲ. ಜೇಡಿ ಜಾಸ್ತಿ ಇದ್ದರೆ ಬಿರುಕು ಬಿಡುತ್ತದೆ, ಮರಳು ಬೆರೆಸಬೇಕು. ಮಣ್ಣನ್ನು ಪರೀಕ್ಷೆ ಮಾಡಿಸದೆ ಕೆಲಸ ಶುರು ಮಾಡಬೇಡಿ.

ಪ್ರಶ್ನೆ: ಮಳೆನೀರಿನ ಟ್ಯಾಂಕ್ ಎಷ್ಟು ದೊಡ್ಡದಿರಬೇಕು? ಸ್ನಾನದ ನೀರನ್ನು ಗಿಡಕ್ಕೆ ಬಿಡಬಹುದಾ ಮೇಡಂ ಅಥವಾ ಸರ್?

ಸರ್ ಅಂದರೆ ಸಾಕು. ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಗೆ 20 ಮಿಲಿಮೀಟರ್ ಮಳೆಯಾದರೆ 2,000 ಲೀಟರ್. ಆವಿಯಾಗುವುದು, ಚೆಲ್ಲುವುದು ಕಳೆದರೆ 1,600ರಿಂದ 1,800 ಸಿಗಬಹುದು. ಟ್ಯಾಂಕ್ ಗಾತ್ರವನ್ನು ವರ್ಷದ ಮಳೆ ನೋಡಿ ನಿರ್ಧರಿಸಬೇಡಿ. ಎರಡು ಮಳೆಗಳ ನಡುವೆ ಎಷ್ಟು ದಿನ ಖಾಲಿ ಇರುತ್ತದೆ, ಅಷ್ಟು ದಿನಕ್ಕೆ ನಿಮಗೆ ಎಷ್ಟು ಬೇಕು ಅಂತ ನೋಡಿ. ಮಳೆಯೆಲ್ಲ ಮೂರು-ನಾಲ್ಕು ತಿಂಗಳಲ್ಲೇ ಸುರಿದು ಹೋಗುವ ಕಡೆ ವರ್ಷಕ್ಕಾಗುವಷ್ಟು ಕೂಡಿಡುವುದು ದುಬಾರಿ. ಹೆಚ್ಚಾದದ್ದನ್ನು ಇಂಗುಗುಂಡಿಗೆ ಬಿಡುವುದೇ ಮೇಲು. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಬೇರೆ ದಾರಿ ಇರಲಿ. ಸೊಳ್ಳೆ ಹೋಗದ ಹಾಗೆ ಟ್ಯಾಂಕಿಗೆ ಮುಚ್ಚಳ, ಬಲೆ ಇರಲಿ.

ಸ್ನಾನದ ನೀರು ಗಿಡಕ್ಕೆ ಧಾರಾಳವಾಗಿ ಆಗುತ್ತದೆ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಒಂದು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ, ನಾರುತ್ತದೆ. ಈಗಲೇ ಮಾಡಲೇಬೇಕಾದ ಕೆಲಸ ಒಂದಿದೆ: ಬಚ್ಚಲಿನ ಪೈಪು, ಶೌಚಾಲಯದ ಪೈಪು ಬೇರೆ ಬೇರೆ ಎಳೆಸಿ. ಇವತ್ತು ಅದು ಕೆಲವು ಮೀಟರ್ ಪೈಪಿನ ಮಾತು. ಟೈಲ್ಸ್ ಹಾಕಿದ ಮೇಲೆ ಬೇಕು ಅನ್ನಿಸಿದರೆ ನೆಲ ಅಗೆಯಬೇಕು.

ಪ್ರಶ್ನೆ: ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಪರಿಸರಸ್ನೇಹಿ ಮನೆ ಕಟ್ಟಬೇಕು ಅಂತ ಇದ್ದೇವೆ. ಹೊಸದರಲ್ಲಿ ಕರೆಂಟು ಉಳಿಯುತ್ತದಲ್ಲ, ಕೆಡವಿದ್ದು ಸರಿಹೋಗುತ್ತದಾ?

ಸರಿಹೋಗಲು ತುಂಬಾ ವರ್ಷ ಬೇಕು. ಹೊಸ ಸಿಮೆಂಟು, ಕಂಬಿ, ಇಟ್ಟಿಗೆ ಮಾಡುವಾಗ ಬಂದ ಹೊಗೆಯನ್ನು ತಿಂಗಳ ಬಿಲ್ಲಿನ ಉಳಿತಾಯ ನಿಧಾನವಾಗಿ ತೀರಿಸಬೇಕು. ಹಳೆಯ ಪಾಯ, ಗೋಡೆ ಗಟ್ಟಿಯಾಗಿವೆಯಾ ಅಂತ ಮೊದಲು ಎಂಜಿನಿಯರ್ ಹತ್ತಿರ ನೋಡಿಸಿ. ಗಟ್ಟಿ ಇದ್ದರೆ ಚಾವಣಿಗೆ ಶಾಖ ತಡೆಯುವ ಪದರ, ಹೊಸ ಕಿಟಕಿ, ಬೇಕಾದರೆ ಒಂದು ಕೋಣೆ ಸೇರಿಸಿ. ಚಾವಣಿಯ ಪದರವನ್ನು ಸ್ಲ್ಯಾಬಿನ ಕೆಳಗಲ್ಲ, ಮೇಲೆ ಹಾಕಿಸಿ. ಆಗ ಸ್ಲ್ಯಾಬೇ ಕಾಯುವುದಿಲ್ಲ. ಸೆಕೆಯ ಊರಾದರೆ ಅದರ ಮೇಲೊಂದು ಬಿಳಿ ಬಣ್ಣ. ಹೊಸದರಲ್ಲಿ ಅದು ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಧೂಳು ಕೂತರೆ ಕಡಿಮೆಯಾಗುತ್ತದೆ. ಆಗಾಗ ತೊಳೆಯಿರಿ.

ಕೆಡವಲೇಬೇಕು ಅಂದರೆ ಯಂತ್ರ ತರುವ ಮೊದಲು ಕೈಯಿಂದ ಬಿಚ್ಚಿಸಿ. ಬಾಗಿಲು, ಕಿಟಕಿ, ತೊಲೆ, ಹಂಚು ಹೊಸ ಮನೆಗೇ ಆಗುತ್ತವೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಸಲೀಸಾಗಿ ಬಿಡುತ್ತದೆ. ಸಿಮೆಂಟ್ ಗಾರೆಯದು ಎಷ್ಟೋ ಸಲ ಇಟ್ಟಿಗೆಯನ್ನೇ ಒಡೆದುಕೊಂಡು ಬರುತ್ತದೆ, ಅದನ್ನು ನೆಲದಡಿ ತುಂಬಲು ಬಳಸಿ. ಕೆಡವುವವರ ಜೊತೆ ದರ ಮಾತಾಡುವಾಗಲೇ ಯಾವ ಸಾಮಾನು ನಿಮಗೆ ಉಳಿಯಬೇಕು ಅಂತ ಬರೆದು ಕೊಡಿ. ಒಡೆದದ್ದೆಲ್ಲ ತಮ್ಮದೇ ಅನ್ನುವ ಲೆಕ್ಕದಲ್ಲಿ ಅವರು ದರ ಹೇಳಿರಬಹುದು.